ಹೊಳಪಿನ ಹುಚ್ಚು

ಕಾರನ್ನು ಮೆರುಗುಗೊಳಿಸುವ ಹವ್ಯಾಸ ಬಹುಮಂದಿಗೆ ಅಂಟುವುದು ಬಿಸಿಲಿನಲ್ಲಿ. ಒಣಬಟ್ಟೆಯಿಂದ ಧೂಳೊರೆಸಿದ ಮೈಮೇಲೆ ಜೇಡರ ಬಲೆಯಂತಹ ಗೀರುಗಳು ಕಂಡೊಡನೆ ಒಡೆಯನ ನೆಮ್ಮದಿ ಕೆಟ್ಟಿತೆಂದೇ ತಿಳಿಯಬೇಕು. ಅರ್ಧ ಬಾನೆಟ್ಟನ್ನು ಉಜ್ಜಿ, ಉಳಿದರ್ಧದೊಡನೆ ಹೋಲಿಸಿ ನೋಡಿದವನಂತೂ ಮತ್ತೆ ಹಿಂದಿರುಗಲಾರ. ಬ್ರೆಜಿಲ್ ದೇಶದ ಕಾರ್ನೌಬಾ ತಾಳೆಗರಿಯ ಮೇಣ ಮನೆಗೆ ಬರುತ್ತದೆ. ಅಮೆರಿಕದಲ್ಲಿ 1901ರಲ್ಲಿ ಫ್ರಾಂಕ್ ಮೆಗ್ವಿಯರ್ ತಯಾರಿಸಿದ ಪಾಲಿಷ್ ಹುಟ್ಟಿದ್ದು ಮರದ ಪೀಠೋಪಕರಣಗಳಿಗಾಗಿ. ಆಗಿನ ಗಾಡಿಗಳ ಮೈಯೂ ಬಹುಮಟ್ಟಿಗೆ ಮರವೇ ತಾನೆ!

ಅಪಾಯವೂ ಇಲ್ಲದಿಲ್ಲ. ಇಂದಿನ ಕಾರುಗಳ ಬಣ್ಣವನ್ನು ಕಾಯುವ ಪಾರದರ್ಶಕ ಲೇಪ ಸಾಮಾನ್ಯವಾಗಿ ತಲೆಗೂದಲಿಗಿಂತ ತೆಳು. ಗೀರನ್ನು ಅಳಿಸುವುದೆಂದರೆ ಸುತ್ತಲಿನ ಲೇಪವನ್ನೇ ಗೀರಿನ ಆಳಕ್ಕೆ ಸವೆಸುವುದು. ಆದ್ದರಿಂದ ಪಳಗಿದವನು ಕೆಲವು ಗೀರುಗಳನ್ನು ಕಂಡೂ ಹಾಗೆಯೇ ಬಿಡುತ್ತಾನೆ. ಹೊಸಬನಿಗೆ ಮಾತ್ರ ಆ ರಾತ್ರಿ ನಿದ್ರೆಯಿಲ್ಲ.