ಹಳೆಯ ಪೈಥಾನ್‌ಗೂ ಹೊಸ ಸೌಲಭ್ಯ ಬೇಕು

ಮನೆಯ ಲ್ಯಾಪ್‌ಟಾಪ್‌ನಲ್ಲಿ ಸರಾಗವಾಗಿ ಓಡಿದ ಪ್ರೋಗ್ರಾಂ ಕಾಲೇಜಿನ ಲ್ಯಾಬ್‌ನಲ್ಲಿ ಮೊದಲ ಸಾಲುಗಳಲ್ಲೇ ನಿಂತುಬಿಟ್ಟರೆ ಹೇಗಿರುತ್ತದೆ? ಕಳೆದ ತಿಂಗಳು ನನಗೆ ಹಾಗೇ ಆಯಿತು. ತಪ್ಪು ನನ್ನ ತರ್ಕದಲ್ಲಿರಲಿಲ್ಲ. ಮನೆಯಲ್ಲಿ ಇದ್ದದ್ದು ಪೈಥಾನ್ 3.10, ಲ್ಯಾಬ್‌ನಲ್ಲಿ 3.8.

ನಾನು ಬರೆದದ್ದು ಅಂಕಪಟ್ಟಿಯ ಪ್ರೋಗ್ರಾಂ. ಕ್ರಮಸಂಖ್ಯೆ, ವಿಷಯ, ಅಂಕ ಇವು ಮೂರೂ ಸೇರಿ ಒಂದು 'ವ್ಯಾಲ್ಯೂ ಆಬ್ಜೆಕ್ಟ್'. ಎರಡು ಹತ್ತು ರೂಪಾಯಿ ನೋಟುಗಳ ಬೆಲೆ ಒಂದೇ ಅಲ್ಲವೇ? ಹಾಗೆಯೇ ಒಳಗಿನ ಮೌಲ್ಯ ಒಂದೇ ಆಗಿದ್ದರೆ ಇಂಥ ಎರಡು ಆಬ್ಜೆಕ್ಟ್‌ಗಳೂ ಸಮ. ಇದಕ್ಕಾಗಿ ಪೈಥಾನ್ 3.7ರಲ್ಲಿ (2018) 'ಡೇಟಾಕ್ಲಾಸ್' ಬಂತು. 'ಫ್ರೋಜನ್' ಎಂದು ಘೋಷಿಸಿದರೆ, ಆಮೇಲೆ ಅಂಕ ತಿದ್ದಲು ಹೋದವರಿಗೆ ದೋಷ ಸಂದೇಶ ಸಿಗುತ್ತದೆ.

2021ರಲ್ಲಿ ಬಂದ 3.10 'ಕೆಡಬ್ಲ್ಯೂ-ಓನ್ಲಿ' ಎಂಬ ಆಯ್ಕೆಯನ್ನು ಸೇರಿಸಿತು. ಇದರಲ್ಲಿ ಪ್ರತಿ ಮೌಲ್ಯವನ್ನೂ ಹೆಸರು ಹೇಳಿಯೇ ಕೊಡಬೇಕು. ಇದು ಆಡಂಬರವಲ್ಲ. ಕ್ರಮಸಂಖ್ಯೆ 42, ಅಂಕ 78 ಎಂಬುದು ಅದಲುಬದಲಾದರೆ ಎರಡೂ ಸಂಖ್ಯೆಗಳೇ ಆದ್ದರಿಂದ ಕಂಪ್ಯೂಟರ್ ಗೊಣಗುವುದಿಲ್ಲ; ನಷ್ಟ ವಿದ್ಯಾರ್ಥಿಗೆ!

"ಹೊಸ ಆವೃತ್ತಿ ಹಾಕಿಕೊಳ್ಳಿ" ಎನ್ನುವುದು ಸುಲಭ. ಆದರೆ ವಿಂಡೋಸ್ 7 ಇರುವ ಯಂತ್ರದಲ್ಲಿ 3.8ರಿಂದ ಮುಂದಿನ ಪೈಥಾನ್ ನಡೆಯುವುದಿಲ್ಲ. ಹೊಸ ಕಂಪ್ಯೂಟರ್ ಕೊಳ್ಳಲಾಗದವನು ಒಳ್ಳೆಯ ಅಭ್ಯಾಸವನ್ನೂ ಕಲಿಯಬಾರದೇ?

ದಾರಿ ಇದೆ. 'ಆಟ್ರ್ಸ್' ಎಂಬ ಉಚಿತ ಲೈಬ್ರರಿ 2015ರಿಂದಲೂ ಇದೆ. ಡೇಟಾಕ್ಲಾಸ್‌ಗೆ ಪ್ರೇರಣೆಯೇ ಅದು. 3.8ಕ್ಕೆ ಹೊಂದುವ ಅದರ ಆವೃತ್ತಿಯನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದರೂ ಈ ಸೌಲಭ್ಯಗಳೆಲ್ಲ ಸಿಗುತ್ತವೆ. ಹಿಂದೆ 3.6 ಬಳಸುವವರಿಗಾಗಿ ಡೇಟಾಕ್ಲಾಸ್ ಅನ್ನೇ ಪ್ರತ್ಯೇಕ ಪ್ಯಾಕೇಜ್ ಆಗಿ ಕೊಟ್ಟಿದ್ದರು. ಮುಂದೆ ಹೋದವರು ಹಿಂದೆ ಉಳಿದವರಿಗೆ ಕೈ ಚಾಚುವುದು ಎಂದರೆ ಇದೇ.

ಆದರೂ ಒಂದು ಮಾತು. ಇದು ಸೇತುವೆ, ಮನೆಯಲ್ಲ. 3.8ಕ್ಕೆ ಭದ್ರತಾ ತಿದ್ದುಪಡಿಗಳು 2024ರ ಅಕ್ಟೋಬರ್‌ನಲ್ಲೇ ನಿಂತಿವೆ. ಯಾವ ಲೈಬ್ರರಿಯೂ ಆ ಕೊರತೆಯನ್ನು ತುಂಬಲಾರದು.

ಆದ್ದರಿಂದ ಉಪನ್ಯಾಸಕರಲ್ಲಿ ನನ್ನ ವಿನಂತಿ ಎರಡು: ಲ್ಯಾಬ್‌ನ ಪೈಥಾನ್ ಆವೃತ್ತಿಯನ್ನು ಬೋರ್ಡಿನ ಮೇಲೆ ಬರೆಸಿ, ಯಂತ್ರಗಳು ಬದಲಾಗುವವರೆಗೆ ಆಟ್ರ್ಸ್ ಹಾಕಿಸಿಕೊಡಿ. ಗೆಳೆಯರೇ, ನಿಮ್ಮಲ್ಲಿ ನನ್ನ ವಿನಂತಿ ಒಂದೇ: ಪ್ರಾಜೆಕ್ಟ್ ಒಪ್ಪಿಸುವ ಮುನ್ನ ಅದನ್ನು ಲ್ಯಾಬ್‌ನ ಅತಿ ಹಳೆಯ ಕಂಪ್ಯೂಟರ್‌ನಲ್ಲಿ ಒಮ್ಮೆ ಓಡಿಸಿ ನೋಡಿ.

— ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜ್ಞಾನ ವಿಭಾಗ