ಮೊದಲು ತಟ್ಟಬೇಕಾದ ಬಾಗಿಲು

ಅನ್ಯಾಯಕ್ಕೊಳಗಾದವನು ಮೊದಲು ಯಾರ ಬಾಗಿಲನ್ನು ತಟ್ಟಬೇಕು? ಜಗಳೂರಿನ ರೈತನೊಬ್ಬನನ್ನು ಪೊಲೀಸರು ಕಾರಣವಿಲ್ಲದೆ ಹಿಡಿದು ಹಿಂಸಿಸಿದರೆಂದು ಭಾವಿಸೋಣ. ಅವನು ನೇರವಾಗಿ ವಿಶ್ವಸಂಸ್ಥೆಗೆ ದೂರು ಕೊಡಬಹುದೇ? ಅಂತರರಾಷ್ಟ್ರೀಯ ನ್ಯಾಯದಲ್ಲಿ ಇದಕ್ಕೊಂದು ಹಳೆಯ ನಿಯಮವುಂಟು. ಸ್ವದೇಶದಲ್ಲಿ ದೊರೆಯಬಹುದಾದ ಪರಿಹಾರಗಳನ್ನೆಲ್ಲ ಅರಸಿದ ಮೇಲೆಯೇ ಹೊರಗಿನವರ ಮೊರೆಹೋಗಬೇಕು. ತಪ್ಪನ್ನು ತಿದ್ದಿಕೊಳ್ಳುವ ಮೊದಲ ಅವಕಾಶ ಆಯಾ ರಾಷ್ಟ್ರಕ್ಕೇ ಸಲ್ಲತಕ್ಕದ್ದೆಂಬುದು ಇದರ ತಿರುಳು. ನಿಯಮವು ವಿವೇಕದ್ದೇ. ಸಾಕ್ಷಿಗಳಿರುವುದು ಜಗಳೂರಿನಲ್ಲಿ, ಜಿನೀವಾ ನಗರದಲ್ಲಲ್ಲ.

ಮೂಲಭೂತ ಹಕ್ಕಿಗೆ ಧಕ್ಕೆ ಬಂದಾಗ ಸಂವಿಧಾನದ 226ನೆಯ ವಿಧಿಯಂತೆ ಉಚ್ಚ ನ್ಯಾಯಾಲಯವನ್ನೂ, 32ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯವನ್ನೂ ಪ್ರಜೆಯು ಆಶ್ರಯಿಸಬಹುದು. ಬಡವರಿಗೆ ಉಚಿತ ಕಾನೂನು ನೆರವೂ ಉಂಟು. ಆದರೆ ಕಾಗದದ ಮೇಲಿನ ಬಾಗಿಲೇ ಬೇರೆ, ತೆರೆದ ಬಾಗಿಲೇ ಬೇರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಕೂಲಿಗಾರನು ದಾವಣಗೆರೆಯ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿಬಂದರೆ ಆ ದಿನದ ಕೂಲಿ ಹೋದಂತೆಯೇ. ಉಚ್ಚ ನ್ಯಾಯಾಲಯವಿರುವುದು ಬೆಂಗಳೂರಿನಲ್ಲಿ. ದೆಹಲಿಯ ಮಾತಂತೂ ಹೇಳಬೇಕಾದ್ದೇ ಇಲ್ಲ.

ಮಲೆಮಹದೇಶ್ವರ ಬೆಟ್ಟದ ಸೀಮೆಯ ಜನರ ಅನುಭವ ಇಲ್ಲಿ ನೆನೆಯತಕ್ಕದ್ದು. ವೀರಪ್ಪನ್‌ನನ್ನು ಹಿಡಿಯಲು ಹೊರಟ ಕರ್ನಾಟಕ ಮತ್ತು ತಮಿಳುನಾಡುಗಳ ಜಂಟಿ ಕಾರ್ಯಪಡೆಯು ತಮ್ಮನ್ನು ಹಿಂಸಿಸಿತೆಂದು ಅಲ್ಲಿನ ಹಳ್ಳಿಗರು ದೂರಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳ ಮಧ್ಯಂತರ ಪರಿಹಾರ ಸಲ್ಲಬೇಕೆಂದು ಆಯೋಗವು ಶಿಫಾರಸು ಮಾಡಿದ್ದು 2007ರಲ್ಲಿ. ಸ್ವದೇಶದ ಸಂಸ್ಥೆಯೊಂದು ಈ ಬಡವರ ಅಳಲನ್ನು ಆಲಿಸಿತೆಂಬುದು ಸಮಾಧಾನದ ಸಂಗತಿ. ಅದಕ್ಕೆ ಎಂಟು ವರ್ಷ ಹಿಡಿಯಿತೆಂಬುದು ಸಮಾಧಾನದ ಸಂಗತಿಯಲ್ಲ.

ಇಂಥ ವಿಳಂಬವನ್ನು ನಿಯಮ ಮಾಡಿದವರು ಮರೆತಿರಲಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯೊಡನೆ 1966ರಲ್ಲಿ ರೂಪುಗೊಂಡ ಐಚ್ಛಿಕ ಪೂರಕ ಒಪ್ಪಂದವು, ಪರಿಹಾರವು ಅಕಾರಣವಾಗಿ ತಡವಾಗುವಲ್ಲಿ ಈ ನಿಯಮ ಅನ್ವಯಿಸದೆಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಭಾರತೀಯನಿಗೆ ಇದರಿಂದ ಪ್ರಯೋಜನವಿಲ್ಲ. ಭಾರತವು 1979ರಲ್ಲಿ ಒಡಂಬಡಿಕೆಯನ್ನು ಅಂಗೀಕರಿಸಿತು; ವ್ಯಕ್ತಿಗೆ ದೂರುವ ಹಕ್ಕನ್ನು ನೀಡುವ ಪೂರಕ ಒಪ್ಪಂದವನ್ನು ಅಂಗೀಕರಿಸಲಿಲ್ಲ. ತನ್ನ ನ್ಯಾಯಾಲಯಗಳಲ್ಲಿ ನಂಬಿಕೆಯಿರುವ ದೇಶಕ್ಕೆ ಇದರಲ್ಲಿ ಹೆದರತಕ್ಕದ್ದೇನಿದೆ? ಅದಕ್ಕೂ ಒಪ್ಪಿಗೆ ನೀಡುವುದೇ ಉಚಿತ. ಅಲ್ಲಿಯವರೆಗೆ ಪೀಡಿತನು ವಿಶ್ವಸಂಸ್ಥೆಯ ವಿಶೇಷ ವರದಿಗಾರರಿಗೆ ಪತ್ರ ಬರೆಯಬಹುದು. ಅದಕ್ಕೆ ನ್ಯಾಯಾಲಯಗಳ ಮೆಟ್ಟಿಲುಗಳನ್ನೆಲ್ಲ ಹತ್ತಿ ಮುಗಿಸಬೇಕಾಗಿಲ್ಲ. ಅವರು ಸರಕಾರದಿಂದ ವಿವರಣೆ ಕೇಳಬಲ್ಲರು, ತೀರ್ಪು ನೀಡಲಾರರು.