ಮಕ್ಕಳ ಮನಸ್ಸಿಗೆ ದೂರವಾಣಿ ಆಸರೆ: ಈ ತುದಿಯಲ್ಲಿ ಯಾರಿದ್ದಾರೆ?

ಮಧುಗಿರಿ: ಕಂದಾಯ ಇಲಾಖೆಯ ನಕ್ಷೆಯಲ್ಲಿ ತುಮಕೂರು ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಯ ನಕ್ಷೆಯಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಪ್ರತ್ಯೇಕ ಉಪನಿರ್ದೇಶಕರ ಕಚೇರಿ ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶವೂ ಪ್ರತ್ಯೇಕವಾಗಿಯೇ ಪ್ರಕಟವಾಗುತ್ತದೆ. ಆದರೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಪ್ರಶ್ನೆ ಬಂದಾಗ ಈ ಎರಡನೆಯ ನಕ್ಷೆ ಮರೆಯಾಗುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಕಂದಾಯ ಜಿಲ್ಲೆಗೆ ಒಂದು ತಂಡದಂತೆ ರೂಪುಗೊಂಡಿದ್ದು, ತುಮಕೂರಿನ ಹತ್ತೂ ತಾಲ್ಲೂಕುಗಳು ಅದನ್ನೇ ಆಶ್ರಯಿಸಬೇಕಾಗಿದೆ.

ದೂರದ ಲೆಕ್ಕ ಹಾಕಿದರೆ ಸಮಸ್ಯೆಯ ಗಾತ್ರ ಸ್ಪಷ್ಟವಾಗುತ್ತದೆ. ಕೊರಟಗೆರೆಗೆ ಜಿಲ್ಲಾ ಕೇಂದ್ರ ಹತ್ತಿರ. ಶಿರಾ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಆದರೆ ಬಹುಪಾಲು ಆಂಧ್ರಪ್ರದೇಶದಿಂದಲೇ ಸುತ್ತುವರಿದಿರುವ ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ಗಡಿ ಹಳ್ಳಿಯೊಂದರ ಕೂಲಿಕಾರ ಕುಟುಂಬ ಮಗುವನ್ನು ಮನೋವೈದ್ಯರ ಬಳಿ ಕರೆದೊಯ್ಯಬೇಕೆಂದರೆ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು ಮತ್ತು ಮಗುವಿನ ಒಂದು ದಿನದ ಪಾಠ ಕಳೆದುಕೊಳ್ಳಬೇಕು. ಒಮ್ಮೆ ಹೋಗಿಬಂದವರು ಎರಡನೆಯ ಬಾರಿ ಹೋಗದಿರಲು ಇಷ್ಟೇ ಕಾರಣ ಸಾಕು.

ಈ ದೂರವನ್ನು ತಂತ್ರಜ್ಞಾನ ತುಂಬಬಲ್ಲದೆ? ತುಂಬಬಲ್ಲದು ಎಂಬುದಕ್ಕೆ ಆಧಾರಗಳಿವೆ. ಆದರೆ ದೂರವಾಣಿಯ ಆ ತುದಿಯಲ್ಲಿ ತಜ್ಞರಿದ್ದರೆ ಸಾಲದು. ಶಾಲೆಯ ತುದಿಯಲ್ಲಿಯೂ ಒಬ್ಬ ತರಬೇತಾದ ವ್ಯಕ್ತಿ ಇರಬೇಕು. ಇಂದಿನ ವ್ಯವಸ್ಥೆಯಲ್ಲಿ ಕಾಣೆಯಾಗಿರುವ ಕೊಂಡಿ ಇದೇ.

ಅಂಕಿ ಅಂಶಗಳು ಹೇಳುವುದೇನು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2023ರಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ವಿದ್ಯಾರ್ಥಿಗಳ ಸಂಖ್ಯೆ 13,892. ದಿನಕ್ಕೆ ಸರಾಸರಿ 38. ಹಿಂದಿನ ವರ್ಷ ಈ ಸಂಖ್ಯೆ 13,044 ಇತ್ತು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದನ್ನು ಗುರುತಿಸಿತ್ತು. ಎನ್‌ಸಿಇಆರ್‌ಟಿ 3.79 ಲಕ್ಷ ವಿದ್ಯಾರ್ಥಿಗಳನ್ನು ಮಾತನಾಡಿಸಿ 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 81ರಷ್ಟು ಮಕ್ಕಳು ತಮ್ಮ ಆತಂಕಕ್ಕೆ ಓದು, ಪರೀಕ್ಷೆ ಮತ್ತು ಫಲಿತಾಂಶವೇ ಕಾರಣವೆಂದರು.

ರಾಜ್ಯದ ಪರೀಕ್ಷಾ ವ್ಯವಸ್ಥೆಯೂ ಈ ಅವಧಿಯಲ್ಲಿ ಬದಲಾಗಿದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು, ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಡುವ ಪದ್ಧತಿ ಜಾರಿಯಾಯಿತು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಹೆಚ್ಚುವರಿ ಕೃಪಾಂಕ ನೀಡಿದ ಮೇಲೂ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಕೃಪಾಂಕವಿಲ್ಲದ 2025ರ ಮೊದಲ ಪರೀಕ್ಷೆಯಲ್ಲಿ ಒಟ್ಟಾರೆ ಫಲಿತಾಂಶ ಶೇ 62.34. ನಕಲು ತಡೆಯುವುದು ತಪ್ಪಲ್ಲ. ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಕಲ್ಪಿಸಿ ಒತ್ತಡ ತಗ್ಗಿಸುವ ಯತ್ನವನ್ನೂ ಇಲಾಖೆ ಮಾಡಿದೆ. ಆದರೆ ಮಗುವಿನ ಮೇಲೆ ಕಣ್ಣಿಡುವ ತಂತ್ರಜ್ಞಾನ ಎರಡು ಮೂರು ವರ್ಷಗಳಲ್ಲೇ ಹಳ್ಳಿಯ ಪರೀಕ್ಷಾ ಕೇಂದ್ರದವರೆಗೆ ತಲುಪಿತು, ಮಗುವಿನ ಮಾತು ಕೇಳಿಸಿಕೊಳ್ಳುವ ತಂತ್ರಜ್ಞಾನ ಅಷ್ಟೇ ವೇಗದಲ್ಲಿ ಬರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಸುಪ್ರೀಂ ಕೋರ್ಟ್ ಸೂಚನೆ

ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ತೀರ್ಪು ನೀಡಿತು. ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುವ ಮಾರ್ಗಸೂಚಿ ಹೊರಡಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ವಿಧಿವತ್ತಾದ ಸಂಪರ್ಕ ಇಟ್ಟುಕೊಳ್ಳಬೇಕು. ಬೋಧಕ ಹಾಗೂ ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ನೀಡಬೇಕು. ಸಹಾಯವಾಣಿ ಸಂಖ್ಯೆಗಳನ್ನು ತರಗತಿ ಮತ್ತು ಹಾಸ್ಟೆಲ್‌ಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಪ್ರದರ್ಶಿಸಬೇಕು.

ಇವುಗಳಲ್ಲಿ ಕೊನೆಯದು ಸುಲಭ. ಬಣ್ಣದ ಡಬ್ಬಿ ಇದ್ದರೆ ಒಂದೇ ದಿನದಲ್ಲಿ ಮುಗಿಯುವ ಕೆಲಸ. ಮೊದಲನೆಯದು ಕಷ್ಟ. ಸರ್ಕಾರಿ ಪ್ರೌಢಶಾಲೆಯ ಸಿಬ್ಬಂದಿ ಪಟ್ಟಿಯಲ್ಲಿ ಮುಖ್ಯ ಶಿಕ್ಷಕರು, ವಿಷಯ ಶಿಕ್ಷಕರು, ದೈಹಿಕ ಶಿಕ್ಷಣ ಶಿಕ್ಷಕರು, ಗುಮಾಸ್ತರು ಇರುತ್ತಾರೆ. ಆಪ್ತಸಮಾಲೋಚಕ ಎಂಬುದು ಅಲ್ಲಿ ರೂಢಿಯ ಹುದ್ದೆಯಲ್ಲ. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ನೂರು ಮುಟ್ಟುವುದೇ ಅಪರೂಪವಾದ್ದರಿಂದ, ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ‘ಹೊರಗಿನ ತಜ್ಞರೊಂದಿಗೆ ಸಂಪರ್ಕ’ ಎಂಬ ಎರಡನೆಯ ಅಂಶವೇ ಹೆಚ್ಚು ಮುಖ್ಯ. ಆ ಸಂಪರ್ಕ ಬಹುಪಾಲು ತಂತಿಯ ಮೂಲಕವೇ ಆಗಬೇಕಿದೆ.

ಈಗಾಗಲೇ ಇರುವ ಸೌಲಭ್ಯ

ಹೊಸದಾಗಿ ತಂತ್ರಾಂಶ ಕೊಳ್ಳುವ ಅಗತ್ಯವಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿಗೆ (14416) ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ತಾಂತ್ರಿಕ ನೆರವು ಬೆಂಗಳೂರಿನ ಐಐಐಟಿಯದು. ಹಗಲು ರಾತ್ರಿ ಉಚಿತವಾಗಿ ದೊರೆಯುವ ಈ ಸೇವೆಗೆ 2025ರ ವೇಳೆಗೆ ದೇಶದಾದ್ಯಂತ ಬಂದ ಕರೆಗಳು 20 ಲಕ್ಷ ದಾಟಿವೆ. ಕರೆ ಮಾಡಿದವರೊಂದಿಗೆ ಮೊದಲು ತರಬೇತಾದ ಸಮಾಲೋಚಕರು ಮಾತನಾಡುತ್ತಾರೆ. ಅಗತ್ಯ ಕಂಡರೆ ತಜ್ಞರಿಗೆ, ಅಲ್ಲಿಂದ ಜಿಲ್ಲಾ ಕಾರ್ಯಕ್ರಮಕ್ಕೆ ದಾಟಿಸುತ್ತಾರೆ. ಕನ್ನಡ, ತೆಲುಗು ಎರಡೂ ಲಭ್ಯ ಭಾಷೆಗಳ ಪಟ್ಟಿಯಲ್ಲಿವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಪಾವಗಡದ ಮಕ್ಕಳಿಗೆ ಇದು ಸಣ್ಣ ಸೌಲಭ್ಯವಲ್ಲ. ದುಃಖವನ್ನು ಪಠ್ಯಪುಸ್ತಕದ ಭಾಷೆಯಲ್ಲಿ ಹೇಳಿಕೊಳ್ಳುವವರು ಕಡಿಮೆ.

2014ರಲ್ಲಿ ಆರಂಭವಾದ ರಾಜ್ಯದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಚಿಕಿತ್ಸಾಲಯದ ವ್ಯವಸ್ಥೆ ರೂಪುಗೊಂಡಿತು. ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. ಆದರೆ ಇವೆಲ್ಲ ಆರೋಗ್ಯ ಇಲಾಖೆಯ ಕಡತಗಳು. ಮಂಗಳವಾರ ಶಾಲೆಯ ದಿನವೂ ಹೌದು. ಮಗುವಿನಲ್ಲಿ ಬದಲಾವಣೆಯನ್ನು ಮೊದಲು ಗಮನಿಸುವ ತರಗತಿ ಶಿಕ್ಷಕರು ಮತ್ತು ಹಾಸ್ಟೆಲ್ ವಾರ್ಡನ್‌ಗಳು ಬೇರೆ ಇಲಾಖೆಗಳವರು. ಇವರ ನಡುವೆ ದೂರವಾಣಿ ಇದ್ದರೂ ಮಾತುಕತೆಗೆ ನಿಗದಿತ ದಾರಿ ಇಲ್ಲ.

ಫೋನ್ ಇದ್ದರೆ ಸಾಲದು

‘ಎಲ್ಲರ ಮನೆಯಲ್ಲೂ ಮೊಬೈಲ್ ಇದೆಯಲ್ಲ, ಮಕ್ಕಳೇ ಕರೆ ಮಾಡಲಿ’ ಎಂಬ ವಾದ ಸರಳವಾಗಿ ಕಾಣುತ್ತದೆ. ಗ್ರಾಮೀಣ ಭಾರತದ ಶಿಕ್ಷಣ ಸ್ಥಿತಿಗತಿ ಕುರಿತ ‘ಅಸರ್’ 2024ರ ವರದಿಯ ಪ್ರಕಾರ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 90ರ ಸಮೀಪ ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಆದರೆ ಅದನ್ನು ಬಳಸಬಲ್ಲವರಲ್ಲಿ ಸ್ವಂತ ಫೋನ್ ಹೊಂದಿರುವ ಹುಡುಗರು ಶೇ 36.2, ಹುಡುಗಿಯರು ಶೇ 26.9 ಮಾತ್ರ. ಮನೆಯ ಫೋನ್ ತಂದೆಯ ಅಥವಾ ಅಣ್ಣನ ಕಿಸೆಯಲ್ಲಿರುತ್ತದೆ. ತೊಂದರೆಯ ಮೂಲ ಮನೆಯಲ್ಲೇ ಇದ್ದಾಗ, ಕುಡಿತ, ಜಗಳ, ಓದು ಬಿಡಿಸುವ ಅಥವಾ ಮದುವೆ ಮಾಡುವ ಮಾತು ನಡೆದಿರುವಾಗ, ಆ ಫೋನಿನಿಂದ ಮಗು ಏನನ್ನು ಹೇಳಿಕೊಂಡೀತು? ಇನ್ನು ಬಹುತೇಕ ವಸತಿ ಶಾಲೆಗಳಲ್ಲಿ ವಿದ್ಯಾರ್ಥಿಗಳು ಮೊಬೈಲ್ ಇಟ್ಟುಕೊಳ್ಳುವಂತಿಲ್ಲ.

ಕಾನೂನಿನ ತೊಡಕೂ ಇದೆ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಅಪ್ರಾಪ್ತರಿಗೆ ವೈದ್ಯರು ದೂರದಿಂದ ಚಿಕಿತ್ಸಾ ಸಲಹೆ ನೀಡಬೇಕಾದರೆ, ಗುರುತು ಖಚಿತಪಟ್ಟ ವಯಸ್ಕರೊಬ್ಬರು ಜೊತೆಗಿರಬೇಕು. ಸಹಾಯವಾಣಿಯ ಸಾಂತ್ವನದ ಮಾತು ಬೇರೆ, ವೈದ್ಯರ ಸಮಾಲೋಚನೆ ಬೇರೆ. ಚಿಕಿತ್ಸೆಯ ಹಂತ ಬಂದಾಗ ತಂತ್ರಜ್ಞಾನವೇ ಮನುಷ್ಯರನ್ನು ಕೇಳುತ್ತದೆ. ಪೋಷಕರೊಂದಿಗೆ ಮಾತನಾಡಿ ಅವರ ಅಂಜಿಕೆ ಬಿಡಿಸಿ, ಪರದೆಯ ಮುಂದೆ ಕೂರಿಸಬಲ್ಲ ಒಬ್ಬರು ಶಾಲೆಯ ಕಡೆ ಬೇಕೇ ಬೇಕು.

ಮಾತನಾಡುವ ಯಂತ್ರಗಳು ಈ ಕೊರತೆಯನ್ನು ನೀಗಿಸಬಲ್ಲವು ಎಂಬ ನಂಬಿಕೆಗೂ ಎಚ್ಚರ ಅಗತ್ಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 16 ವರ್ಷದ ಬಾಲಕನ ಸಾವಿನ ನಂತರ ಆತನ ಪೋಷಕರು ಚಾಟ್‌ಜಿಪಿಟಿ ತಯಾರಕರಾದ ಓಪನ್‌ಎಐ ವಿರುದ್ಧ 2025ರ ಆಗಸ್ಟ್‌ನಲ್ಲಿ ದಾವೆ ಹೂಡಿದರು. ತಪ್ಪು ಯಾರದೆಂಬುದನ್ನು ನ್ಯಾಯಾಲಯ ತೀರ್ಮಾನಿಸಬೇಕು. ಆದರೆ ಯಂತ್ರ ಎಷ್ಟೇ ಮೃದುವಾಗಿ ಮಾತನಾಡಿದರೂ ಸಂಜೆ ಮಗುವಿನ ಮನೆಗೆ ಹೋಗಿ ಬಾಗಿಲು ತಟ್ಟಲಾರದು.

ತಜ್ಞರಿಂದ ಶಿಕ್ಷಕರಿಗೆ

ತಂತ್ರಜ್ಞಾನದ ಹೆಚ್ಚು ಫಲಕಾರಿ ಬಳಕೆ ಇನ್ನೊಂದು ದಾರಿಯಲ್ಲಿದೆ. ಮಗುವನ್ನು ನೇರವಾಗಿ ಪರದೆಗೆ ಒಪ್ಪಿಸುವ ಬದಲು, ಮಗುವಿನ ಜೊತೆ ಕೆಲಸ ಮಾಡುವವರಿಗೆ ಪರದೆಯ ಮೂಲಕ ಬಲ ತುಂಬುವುದು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ವೈದ್ಯ ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗಾಗಿ ಆರಂಭಿಸಿದ ‘ಎಕೋ’ ಪದ್ಧತಿಯ ತಿರುಳು ಇದೇ. ನಗರದ ತಜ್ಞರು ವಾರಕ್ಕೊಮ್ಮೆ ವಿಡಿಯೊ ಮೂಲಕ ಗ್ರಾಮೀಣ ವೈದ್ಯರೊಂದಿಗೆ ಪ್ರಕರಣಗಳನ್ನು ಚರ್ಚಿಸುತ್ತಾರೆ. ರೋಗಿ ತನ್ನ ಊರಿನಲ್ಲೇ ಚಿಕಿತ್ಸೆ ಪಡೆಯುತ್ತಾನೆ. ನಿಮ್ಹಾನ್ಸ್ ಇದೇ ಮಾದರಿಯನ್ನು ಅಳವಡಿಸಿಕೊಂಡಿದೆ. 2018ರಲ್ಲಿ ಆರಂಭವಾದ ಅದರ ಡಿಜಿಟಲ್ ಅಕಾಡೆಮಿ ವೈದ್ಯರು, ಮನಶ್ಶಾಸ್ತ್ರಜ್ಞರು ಮೊದಲಾದವರಿಗೆ ದೂರಶಿಕ್ಷಣ ನೀಡುತ್ತಿದೆ. ಟೆಕ್ಸಸ್ ರಾಜ್ಯ 2019ರಲ್ಲಿ ಕಾನೂನು ರೂಪಿಸಿ, ವೈದ್ಯಕೀಯ ಕಾಲೇಜುಗಳ ಮನೋವೈದ್ಯರನ್ನು ವಿಡಿಯೊ ಮೂಲಕ ಶಾಲೆಗಳಿಗೆ ಜೋಡಿಸಿತು. ಅಲ್ಲಿಯೂ ಮಗುವನ್ನು ಗುರುತಿಸಿ ಕಳುಹಿಸುವುದು ಶಾಲೆಯ ಸಿಬ್ಬಂದಿಯೇ.

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಈ ಮಾದರಿ ಹೊಂದಿಕೊಳ್ಳುತ್ತದೆ. ಉಪನಿರ್ದೇಶಕರ ಕಚೇರಿ, ನಾಲ್ಕು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗಳು, ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳು ಎಂಬ ಚೌಕಟ್ಟು ಈಗಾಗಲೇ ಇದೆ. ಪ್ರತಿ ಶಾಲೆಗೂ ಆಪ್ತಸಮಾಲೋಚಕರನ್ನು ನೇಮಿಸಲು ಕಾಲ ಹಿಡಿದೀತು. ಆದರೆ ತಾಲ್ಲೂಕಿಗೆ ಇಬ್ಬರಾದರೂ ಅರ್ಹ ಸಮಾಲೋಚಕರನ್ನು ನೇಮಿಸಿ, ನಿಗದಿತ ದಿನಗಳಲ್ಲಿ ಪ್ರೌಢಶಾಲೆ ಮತ್ತು ಹಾಸ್ಟೆಲ್‌ಗಳಿಗೆ ಸರದಿಯಂತೆ ಕಳುಹಿಸುವುದು ಅಸಾಧ್ಯವೇನಲ್ಲ. ಅವರು ವಾರಕ್ಕೊಂದು ಗಂಟೆ ತುಮಕೂರಿನ ಜಿಲ್ಲಾ ತಂಡದೊಂದಿಗೆ ವಿಡಿಯೊದಲ್ಲಿ ಪ್ರಕರಣ ಚರ್ಚಿಸಬಹುದು. ಪ್ರತಿ ಶಾಲೆಯಲ್ಲೂ ಮಕ್ಕಳ ವಿಶ್ವಾಸ ಗಳಿಸಿದ ಒಬ್ಬ ಶಿಕ್ಷಕಿ ಮತ್ತು ಒಬ್ಬ ಶಿಕ್ಷಕರನ್ನು ಗುರುತಿಸಿ ತರಬೇತಿ ಕೊಡಬಹುದು. ಕರೆ ಮಾಡಲು ಶಾಲೆಯಲ್ಲೇ ಒಂದು ಫೋನ್, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕು. ಸಿಬ್ಬಂದಿ ಕೊಠಡಿಯ ಮೂಲೆಯಲ್ಲಿ, ಎಲ್ಲರ ಎದುರು ಯಾವ ಮಗುವೂ ಮನಸ್ಸು ಬಿಚ್ಚುವುದಿಲ್ಲ.

ಗುಟ್ಟು ಕಾಯುವ ಹೊಣೆ

ದಾಖಲೆಗಳ ವಿಚಾರ ಇನ್ನೂ ಸೂಕ್ಷ್ಮ. ರಾಜ್ಯದ ಪ್ರತಿ ವಿದ್ಯಾರ್ಥಿಗೂ ಎಸ್‌ಎಟಿಎಸ್ ವ್ಯವಸ್ಥೆಯಲ್ಲಿ ಒಂದು ಸಂಖ್ಯೆ ಇದೆ. ಸಮಾಲೋಚನೆಯ ಟಿಪ್ಪಣಿಯನ್ನೂ ಅದಕ್ಕೇ ಸೇರಿಸಿದರೆ ಕೆಲಸ ಸುಲಭವೆಂದು ಯಾರಿಗಾದರೂ ತೋಚಬಹುದು. ಹಾಗಾಗಕೂಡದು. ವರ್ಗಾವಣೆ ಪತ್ರದ ಜೊತೆ ಮಗುವಿನ ಖಿನ್ನತೆಯ ಚರಿತ್ರೆಯೂ ಊರೂರು ತಿರುಗಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕೆಂದೇ ಪರಿಗಣಿಸಿದೆ. ಅದೇ ವೇಳೆ ಜೀವಕ್ಕೆ ಅಪಾಯವಿರುವಾಗ ಸುಮ್ಮನಿರುವಂತಿಲ್ಲ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ. ಯಾವುದನ್ನು ಕಾಯಬೇಕು, ಯಾವುದನ್ನು ಹೇಳಲೇಬೇಕು ಎಂಬ ಗೆರೆಯನ್ನು ಶಿಕ್ಷಕರಿಗೆ ಮೊದಲೇ ತಿಳಿಸಿಕೊಡಬೇಕು. ಮಗುವಿಗೂ ಮಾತಿನ ಆರಂಭದಲ್ಲೇ ಹೇಳಬೇಕು.

ಇದಕ್ಕೆಲ್ಲ ಬೇಕಾಗಿರುವುದು ಭಾರಿ ಯೋಜನೆಯಲ್ಲ. ಶಿಕ್ಷಣ, ಆರೋಗ್ಯ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕುಳಿತು, ಯಾವ ಶಾಲೆ ಯಾರಿಗೆ ಕರೆ ಮಾಡಬೇಕು, ಕರೆಯ ನಂತರ ಮಗುವನ್ನು ಯಾರು ವಿಚಾರಿಸಬೇಕು ಎಂಬುದನ್ನು ಹೆಸರು ಸಮೇತ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಮಾದರಿಗಾಗಿ ಹೊರನಾಡಿಗೆ ಹೋಗಬೇಕಿಲ್ಲ. ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಲ್ಪನೆ ಕೊಟ್ಟಿದ್ದೇ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿಯಲ್ಲಿ ಕೈಗೊಂಡ ಪ್ರಯೋಗ. ಹಳ್ಳಿಯ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟರೆ ತಜ್ಞರ ಕೊರತೆಯ ನಡುವೆಯೂ ಕೆಲಸ ನಡೆಯುತ್ತದೆ ಎಂಬುದನ್ನು ಅದು ತೋರಿಸಿತ್ತು. ನಾಲ್ಕು ದಶಕಗಳ ನಂತರ ಅದೇ ಪಾಠವನ್ನು ಶಾಲೆಗಳಿಗೆ ಅನ್ವಯಿಸಬೇಕಿದೆ. ಮುಂದಿನ ಫಲಿತಾಂಶದ ದಿನದೊಳಗೆ ಪಾವಗಡದ ಗಡಿ ಹಳ್ಳಿಯ ಪ್ರೌಢಶಾಲೆಯಲ್ಲಿ ಆ ಹೆಸರುಗಳ ಪಟ್ಟಿ ಸಿದ್ಧವಿರುತ್ತದೆಯೇ ಎಂಬುದೇ ಆಡಳಿತದ ಮುಂದಿರುವ ಪರೀಕ್ಷೆ.